ಎಡಮೂಲೆಯ ಲೇಪ

ಮನೆಯಿಂದ,
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ವಾಂತಿ ನಿಂತಿತೇ? ಐದನೇ ತಿಂಗಳಲ್ಲಿ ಕಾಲು ಊದುವುದುಂಟು, ಕೂತಾಗ ಸ್ಟೂಲಿನ ಮೇಲೆ ಚಾಚಿಕೋ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಮ್ಮ ಆಸ್ಪತ್ರೆಯ ಹೊಸ ಎಕ್ಸ್‌ರೇ ಕೋಣೆಯ ಗೋಡೆಗೆ ಸೀಸದ ಹಾಳೆಯ ಬದಲು ಕಿರಣ ತಡೆಯುವ ಬೂದು ಲೇಪ ಬಳಿದಿದ್ದಾರೆ, ಅದರ ಹಿಂದೆಯೇ ನಿನ್ನ ಕುರ್ಚಿ ಎಂದು ಬರೆದಿದ್ದೆಯಲ್ಲ. ಡಬ್ಬಿಯ ಮೇಲೆ ಆಮೆಯ ಚಿತ್ರವಿದೆಯೆಂದೂ ನಗಾಡಿದ್ದೆ. ಆ ಆಮೆ ಲೇಪವನ್ನು ಪರೀಕ್ಷಿಸಿ ಪಾಸು ಮಾಡಿದ್ದು ನಮ್ಮ ಲ್ಯಾಬ್. ಅಂದರೆ ನಾನು ಮತ್ತು ನಿನ್ನ ಭಾವ.

ನನ್ನದು ಅನುಮಾನದ ಬುದ್ಧಿ, ಹಾಲಿನವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ, ನಿಜ. ಆದರೂ ಕೇಳು. ಲೇಪ ಬಳಿದ ತಗಡುಗಳನ್ನು ಕಂಪನಿಯವರೇ ಕಳಿಸುತ್ತಾರೆ. ನಾವು ತಗಡನ್ನು ಕ್ಲ್ಯಾಂಪಿಗೆ ಸಿಕ್ಕಿಸಿ, ಈಚೆಯಿಂದ ಕಿರಣ ಬಿಟ್ಟು, ಆಚೆ ಎಷ್ಟು ದಾಟಿತೆಂದು ಅಳೆಯುತ್ತೇವೆ. ನಮ್ಮ ಕ್ಲ್ಯಾಂಪ್ ವರ್ಷಗಳಿಂದ ಸೊಟ್ಟ, ಕಿರಣ ನಡುವೆ ಬೀಳದೆ ಎಡಗಡೆಯ ಕೆಳಮೂಲೆಗೆ ಬೀಳುತ್ತಿತ್ತು. ಒಂದೇ ಲೇಪ ತಾನೇ, ಎಲ್ಲಿ ಅಳೆದರೇನು ಎಂದು ಹಾಗೇ ನಡೆಸಿಕೊಂಡು ಬಂದೆವು. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೇ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಕಳೆದ ವಾರ ಹೊಸ ಕ್ಲ್ಯಾಂಪ್ ಬಂತು. ಹೊಂದಿಸಿ ನೋಡಲು ಕೈಗೆ ಸಿಕ್ಕ ಆಮೆ ತಗಡನ್ನೇ ಸಿಕ್ಕಿಸಿದೆ. ನಡುವೆ ಬಿದ್ದ ಕಿರಣ ತಡೆಯೇ ಇಲ್ಲದಂತೆ ದಾಟಿತು. ಎಡಮೂಲೆಗೆ ಸರಿಸಿದೆ, ನಿಂತಿತು. ಉಳಿದ ತಗಡುಗಳೂ ಹಾಗೆಯೇ. ಲೇಪದ ದಪ್ಪ ಎಲ್ಲ ಕಡೆ ಒಂದೇ, ಕಿರಣ ತಡೆಯುವ ಲೋಹದ ಪುಡಿ ಮಾತ್ರ ಆ ಮೂಲೆಯಲ್ಲಿ.

ನಮ್ಮ ಸೊಟ್ಟ ಕ್ಲ್ಯಾಂಪಿನ ಗುಟ್ಟನ್ನು ಕಂಪನಿಯವರಿಗೆ ಹೇಳಿದ್ದು ಯಾರು? ನಾನಲ್ಲ. ಊಟಕ್ಕೆ ಕೂತಾಗ, "ರೀ, ಆ ಆಮೆ ತಗಡು ಯಾಕೋ ಸರಿ ಇಲ್ಲ" ಎಂದೆ, ಅಷ್ಟೇ. "ನಾನು ಯಾರ ಹತ್ರಾನೂ ಏನೂ ಹೇಳಿಲ್ಲಮ್ಮ" ಅಂದರು. ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಿಜವಾಗಿದ್ದರೆ ಎಂಬ ಭಯ ಒಂದು ಕಡೆ, ಕಟ್ಟಿಕೊಂಡವರನ್ನು ಸುಮ್ಮನೆ ಕಳ್ಳನೆಂದುಕೊಳ್ಳುತ್ತಿದ್ದೇನೇನೋ ಎಂಬ ನಾಚಿಕೆ ಇನ್ನೊಂದು ಕಡೆ. ನೀನಂತೂ ಬೆನ್ನುನೋವಿನ ನೆಪ ಹೇಳಿ ಹಳೆಯ ಕೋಣೆಗೆ ಕೆಲಸ ಬದಲಿಸಿಕೋ. ಇದನ್ನೆಲ್ಲ ಆಸ್ಪತ್ರೆಯ ಫೋನಿನಲ್ಲಿ ಹೇಳಲಾಗದು, ಅದಕ್ಕೆ ಹತ್ತು ಕಿವಿ. ನಿಮ್ಮಲ್ಲಿಗೆ ಔಷಧಿ ತರುವ ವ್ಯಾನಿನವನ ಕೈಯಲ್ಲಿ ಕಳಿಸುತ್ತೇನೆ, ಮಧ್ಯಾಹ್ನಕ್ಕೆ ಸಿಗುತ್ತದೆ.

ನಿನಗೂ ಹೊಟ್ಟೆಯೊಳಗಿನ ಕಂದನಿಗೂ ನೂರು ವರ್ಷ ಆಯಸ್ಸಿರಲಿ. ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು.

ನಿನ್ನ
ಅಕ್ಕ

ಮರೆತ ಮಾತು: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ನಿಮ್ಮ ಕೋಣೆಗೂ ಅದೇ ಲೇಪವೆಂದು ನಿನ್ನ ಭಾವನಿಗೆ ಈಗಷ್ಟೇ ಹೇಳಿದೆ. ನಿಮ್ಮ ಕೋಣೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಶೂ ಹಾಕಿಕೊಳ್ಳುತ್ತಿದ್ದವರು ಹಾಗೇ ಕೂತುಬಿಟ್ಟರು. "ಅವಳು ಆ ಕೋಣೆಗೆ ಹೋಗೋದು ಬೇಡ ಅನ್ನು" ಅಂದರು. ಉಪ್ಪು ಹೆಚ್ಚಾಯಿತೆಂದರೂ ಇನ್ನೊಂದು ಸಲ ನೋಡೋಣ ಎನ್ನುವ ಮನುಷ್ಯ, ಇನ್ನೊಂದು ಸಲ ಅಳೆಯೋಣ ಎನ್ನಲಿಲ್ಲ, ಅಳೆಯದೆಯೇ ಗೊತ್ತಿದ್ದವರ ಹಾಗೆ. ಬೆನ್ನುನೋವಿನ ನೆಪ ಬೇಡ, ಪುಟ್ಟಿ. ಈ ಪತ್ರವನ್ನೇ ತೋರಿಸಿ ಕೋಣೆ ಮುಚ್ಚಿಸು. ಯಾರು ಹೇಳಿದರೆಂದು ಕೇಳಿದರೆ ನನ್ನ ಹೆಸರು ಹೇಳು, ನಿನ್ನ ಭಾವನದನ್ನೂ ಹೇಳು.