ಎಂಟು ಗೂಟ

೪ ಮಾರ್ಚ್ ೧೯೫೬, ರವಿವಾರ

ವಡಾಲದ ಕ್ಲಬ್ಬಿನಿಂದ ನಮ್ಮ ಚಾಳಿನ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಕಾಲು ನೋವು. ಇಂದೂ ಕ್ಲಬ್ಬಿನ ಕೆಲಸವೇ. ಆನರರಿ ಸೆಕ್ರೆಟರಿ ಅಂದರೆ ಸಂಬಳವಿಲ್ಲದ ಜವಾನ. ಈಜುಕೊಳದ ಪಕ್ಕ ಪೆವಿಲಿಯನ್ ಕಟ್ಟಿಸಬೇಕಂತೆ. ಆರ್ಕಿಟೆಕ್ಟ್ ಶೇಖರ ಬಂದಿದ್ದ. ಧಾರವಾಡದವ. ವಿಲಾಯತಿಗೆ ಹೋಗಿ ಬಂದರೂ ಮಾತು ಕೆಟ್ಟಿಲ್ಲ. ಹೆಂಗಸರಿಗೆ ಬಟ್ಟೆ ಬದಲಿಸುವ ಕೋಣೆ ಮೊದಲು ಬೇಕು ಎಂದೆ. ನನ್ನ ಸ್ವಾರ್ಥವೇ. ಮಗಳು ವಸಂತಿ ಒದ್ದೆ ಮೈಗೇ ಸೀರೆ ಸುತ್ತಿಕೊಂಡು ಲೋಕಲ್ ರೈಲಿನಲ್ಲಿ ಬರುತ್ತಿದ್ದಳು. ಹೋದ ತಿಂಗಳು ಹೆಂಡತಿ ಗಂಗುಬಾಯಿ ಅವಳ ಈಜುವ ಉಡುಪನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. "ಕೋಣಿ ಆಗಲಿ, ಆಮ್ಯಾಲೆ ಈಸಲಿ. ಅಲ್ಲೀತನಾ ಬ್ಯಾಡ." ಅವಳು ಹೇಳಿದ ಮೇಲೆ ಮುಗಿಯಿತು.

೧೧ ಮಾರ್ಚ್

ಶೇಖರ ಪೆನ್ಸಿಲ್ ನಕ್ಷೆ ತಂದ. ಕೊಳದ ಕಡೆಗೆ ತೆರೆದ ಕಟ್ಟೆ, ಹಿಂದೆ ಗಂಡಸರ ಕೋಣೆ, ಚಹಾಕ್ಕೊಂದು ಜಾಗ, ಮೂಲೆಯಲ್ಲಿ ಹೆಂಗಸರದು. ವಸಂತಿಯನ್ನೂ ಕರೆದೊಯ್ದಿದ್ದೆ.

"ನಿನಗೇನ ಬೇಕವಾ ಇದರಾಗ?" ಅವಳನ್ನೇ ಕೇಳಿದ.

"ಅರಿವಿ ಹಾಕಾಕ ಗೂಟ ಇದ್ರ ಸಾಕ್ರಿ."

ಅವಳೆದುರೇ ಗೋಡೆಗುಂಟ ಎಂಟು ಗೂಟ ಬರೆದ. ಬಹಳ ದಿನದ ಮೇಲೆ ಹುಡುಗಿ ನಕ್ಕಳು.

೨೫ ಮಾರ್ಚ್

ಕಮಿಟಿ. ಮೂರು ತಾಸು. ಅಧ್ಯಕ್ಷ ನೀಲಕಂಠಪ್ಪನವರಿಗೆ ಇಸ್ಪೀಟಿಗೆ ಕೋಣೆ ಬೇಕು. ಗಾಳಿ ಬರುವುದು ಹೆಂಗಸರ ಮೂಲೆಗೇ, ಅದೇ ಬೇಕಂತೆ. "ಹೆಣ್ಣಮಕ್ಕಳು ಎಷ್ಟ ಮಂದಿ ಬರ್ತಾರ್ರೀ? ಅವರದು ಮುಂದಿನ ವರ್ಷ ನೋಡೂಣಂತ."

ಶೇಖರ ನನ್ನ ಕಡೆ ತಿರುಗಿದ. "ಇದನ್ನ ಕೇಳಿದವರು ನೀವ ಅಲ್ರೀ, ಸೆಕ್ರೆಟರಿ ಸಾಹೇಬ್ರ?"

ಎಲ್ಲರೂ ನನ್ನನ್ನೇ ನೋಡಿದರು. ತಲೆ ಸಿಡಿಯುತ್ತಿತ್ತು. ಮೀಟಿಂಗ್ ಮುಗಿದರೆ ಸಾಕಾಗಿತ್ತು.

"ಮುಂದಿನ ವರ್ಷ ಆದ್ರೂ ನಡೀತದ," ಎಂದೆ.

ಯಾರೂ ಒತ್ತಾಯ ಮಾಡಿರಲಿಲ್ಲ. ಸುಸ್ತಾಗಿತ್ತು, ಅಷ್ಟೇ... ನಾಚಿಕೆಯಾಗುತ್ತದೆ.

೮ ಏಪ್ರಿಲ್

ಎರಡು ವಾರ ಬರೆದಿಲ್ಲ. ಆಫೀಸು, ಲೋಕಲ್, ಮನೆ. ವಸಂತಿಗೆ ಹೇಳಿಲ್ಲ.

೧೫ ಏಪ್ರಿಲ್, ಸಂಜೆ

ಪಕ್ಕಾ ನಕ್ಷೆ ಸಹಿಗೆ ಬಂತು. ದೊಡ್ಡ ನೀಲಿ ಹಾಳೆ. ಕೋಣೆಗಳಿಗೆ ಬರೀ ನಂಬರು. ಯಾವುದು ಏನೆಂಬ ಪಟ್ಟಿ ಬೇರೆ ಹಾಳೆಯಲ್ಲಿ — ಅದು ನನ್ನ ಚೀಲದೊಳಗೇ ಇತ್ತು. ಸಹಿ ಹಾಕಿ ಸುತ್ತುವಷ್ಟರಲ್ಲಿ ವಸಂತಿ ಬಂದಳು. ನೆಲಕ್ಕೆ ಹಾಸಿ ಬೆರಳಿಟ್ಟು ಹುಡುಕಿದಳು. ಮೂಲೆಯ ಕೋಣೆ, ನಾಲ್ಕನೇ ನಂಬರು. ಗೂಟಗಳನ್ನು ಶೇಖರ ಅಳಿಸಿಲ್ಲ. ಇಸ್ಪೀಟಿನವರ ಕೋಟು ಟೊಪ್ಪಿಗೆಗೂ ಬೇಕಲ್ಲ.

"ಎಂಟೂ ಅದಾವಪ್ಪಾ," ಎಂದಳು. "ಬಾಗಲದ ಕಡೀ ಗೂಟ ನನಗ."

"ಹ್ಞೂಂ," ಎಂದೆ.

ಅವ್ವನ ಹತ್ತಿರ ಓಡಿದಳು. ಇಲ್ಲಿಗೇ ಕೇಳಿಸುತ್ತಿದೆ ಅವಳ ಮಾತು. ಈಗ ಗಂಗುಬಾಯಿ ಆ ಉಡುಪು ಇನ್ನೂ ಸರಿಹೊಂದುತ್ತದೋ ನೋಡಲು ಟ್ರಂಕಿನ ಬೀಗ ತೆಗೆಯುತ್ತಿದ್ದಾಳೆ. ಎದ್ದು ಹೋಗಿ ಹೇಳಬೇಕು. ಈ ಒಂದು ಸಾಲು ಬರೆದು...