ಅಪ್ಪನ ನಡಿಗೆ

ಕಲಿಮ್ನೋಸ್ ದ್ವೀಪ
3 ಸೆಪ್ಟೆಂಬರ್ 1964

ಮಗ ಥೆಮೆಲಿಸ್,

ನಾನು ಗಟ್ಟಿಯಾಗಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಇದನ್ನು ಬೇರೆ ಯಾರ ಮುಂದೆಯೂ ಹೇಳುವವಳಲ್ಲ ನಾನು.

ಬಂದರಿನ ಬಯಲು ಟಾಕೀಸಿಗೆ ನಿನ್ನ ಹೊಸ ಸಿನಿಮಾ ಬಂತು. ಊರಿಗೆ ಊರೇ ನೆರೆದಿತ್ತು. ಅಥೆನ್ಸಿನ ನಾಟಕದವರು ನಿನಗೆ ಕೊಟ್ಟದ್ದೆಲ್ಲ ಬಾಗಿಲು ಕಾಯುವವನ, ಭಿಕ್ಷುಕನ ಪಾತ್ರ. ಆದರೂ ಜನ ನಾಯಕನನ್ನು ಮರೆತು ನಿನ್ನ ಕುಂಟು ನಡಿಗೆಯನ್ನೇ ನೆನಪಿಟ್ಟರು, ಅದನ್ನು ನೋಡಿಯೇ ಸಿನಿಮಾದವರೂ ನಿನ್ನನ್ನು ಕರೆದರು. ಆ ನಡಿಗೆ ನಿನ್ನಪ್ಪನದು. ಸ್ಪಂಜು ಕೀಳಲು ಕಡಲಾಳಕ್ಕೆ ಇಳಿದವನನ್ನು ಅವಸರದಲ್ಲಿ ಮೇಲೆಳೆದರು. ಆಳದಿಂದ ಒಮ್ಮೆಲೇ ಮೇಲೆ ಬಂದವನ ಕೈಕಾಲು ಸತ್ತುಹೋಗುತ್ತದೆ; ಅವನ ಬಲಗಾಲಿನ ಬಲವೇ ಹೋಯಿತು.

ಪರದೆಯ ಮೇಲೆ ನೀನು ಕಾಲೆಳೆಯುತ್ತ ಬಂದಾಗ ಪಕ್ಕದ ಮನೆಯ ಅನೆಜೂಲಾ ಶಿಲುಬೆಯ ಗುರುತು ಹಾಕಿಕೊಂಡಳು. "ಅಕ್ಕಾ, ನಿನ್ನ ಗಂಡ ಸ್ಕೇವೋಸಣ್ಣನೇ ಗೋರಿಯಿಂದ ಎದ್ದು ಬಂದ ಹಾಗಿದೆ ಕಣೇ!"

ನಿನ್ನಪ್ಪನನ್ನು ನೀರಿಗಿಳಿಸುತ್ತಿದ್ದ ದೋಣಿಯ ಯಜಮಾನ ಪಾಂಡೆಲಿಸ್ ಹಿಂದಿನಿಂದ ಕೂಗಿದ: "ಅಪ್ಪನ ಕುಂಟು ಮಾರ್ಕೊಂಡು ಮಗ ದೊಡ್ಡ ಮನುಷ್ಯ ಆದ, ನೋಡ್ರೋ!"

ನಾನು ಕತ್ತು ತಿರುಗಿಸಲೂ ಇಲ್ಲ. "ಕುಂಟು ಮಾಡಿದೋನು ನೀನು. ಪಾಲು ಕೇಳೋಕೆ ಬಂದ್ಯಾ?" ಎಂದೆ.

ಆಮೇಲೆ ಪರದೆಯ ಮೇಲೆ ಕಡಲು ಬಂತು. ಮುಳುಗುವವರು ತೊಡುವ ಆ ತಾಮ್ರದ ಟೊಪ್ಪಿಗೆಯ ಗಾಜಿನ ಹಿಂದೆ ನಿನ್ನದೇ ಮುಖ. ನಿನ್ನ ಬದಲು ಬೇರೆಯವನನ್ನು ನೀರಿಗಿಳಿಸುತ್ತಾರೆ ಎಂದು ನನಗೆ ಬರೆದಿದ್ದೆಯಲ್ಲ? ಅಪ್ಪನ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು, ಆ ಉಡುಪು ತೊಡುವುದಿಲ್ಲ ಎಂದು ಆಣೆ ಮಾಡಿದವನು ನೀನು. ಅದಕ್ಕೇ ನಾಟಕಕ್ಕೆ ಹೋಗುತ್ತೇನೆಂದಾಗ ನಾನು ಅಡ್ಡ ಬರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ನೀನು ಮೇಲೆ ಬರುವವರೆಗೆ ನಾನು ಎಣಿಸುತ್ತ ಕೂತೆ.

ಮುಂದಿನ ಚಿತ್ರಕ್ಕೂ ನೀನೇ ಇಳಿಯುತ್ತೀಯಂತೆ, ಪತ್ರಿಕೆಯಲ್ಲಿ ಬಂದಿದೆ. ಇಳಿಯಕೂಡದು. ಇದು ಕೋರಿಕೆಯಲ್ಲ, ನನ್ನ ಅಪ್ಪಣೆ.

ಒಣಗಿಸಿದ ಅಂಜೂರ ಕಳಿಸಿದ್ದೇನೆ, ಎಲ್ಲವನ್ನೂ ನಾಟಕದವರಿಗೆ ಹಂಚಬೇಡ. ದೇವಮಾತೆ ನಿನ್ನ ಮೇಲೆ ಕಣ್ಣಿಟ್ಟಿರಲಿ.

ನಿನ್ನ ತಾಯಿ,
ಸೆವಸ್ತಿ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕೊನೆಯಲ್ಲಿ ನೀನು ದಡ ಹತ್ತಿ, ಬೆನ್ನು ತಿರುಗಿಸಿ ನಡೆದುಹೋಗುತ್ತೀಯಲ್ಲ, ಊರೆಲ್ಲ ಅತ್ತಿತು. "ಎಂಥಾ ನಟನೆ, ಅಕ್ಕಾ!" ಎಂದಳು ಅನೆಜೂಲಾ. ನಾನು ಹೂಂ ಎಂದೆ. ನಿನ್ನಪ್ಪ ಎಳೆಯುತ್ತಿದ್ದದ್ದು ಬಲಗಾಲು. ಇಷ್ಟು ವರ್ಷ ನೀನು ಎಳೆದದ್ದೂ ಬಲಗಾಲೇ. ದಡ ಹತ್ತಿದ ಮೇಲೆ ಎಳೆದದ್ದು ಎಡಗಾಲು. ಯಾರಿಗೂ ಹೇಳಿಲ್ಲ. ನಿಜ ಹೇಳು ಮಗಾ, ನಿನ್ನ ಮನೆಯ ಮೆಟ್ಟಿಲು ಹತ್ತಲು ಆಗುತ್ತಿದೆಯೇ?