ರೇಷ್ಮೆಗೆ ಸಿಕ್ಕಿಕೊಂಡ ಬೆರಳು

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ನಿಂತಿತಾ, ಇಲ್ಲಾ ಇನ್ನೂ ಕದ್ದು ಸಿಗರೇಟು ಸೇದುತ್ತಿದ್ದಾರಾ? ಅವರ ಮಾತು ನಂಬಬೇಡ, ಅಂಗಿ ಮೂಸಿ ನೋಡು. ನಾನಂತೂ ಈಗ ಯಾರನ್ನೂ ನಂಬುತ್ತಿಲ್ಲ.

ನಮ್ಮ ಹೊಲಿಗೆ ಕೋಣೆಯ ಪದ್ಧತಿ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಸೂಪರ್‌ವೈಸರ್ ಕೊಡುವ ರೇಷ್ಮೆ ಚೂರನ್ನು ಬೆರಳ ಮೇಲೆ ಎಳೆದು ತೋರಿಸಬೇಕು. ಒರಟು ಚರ್ಮಕ್ಕೆ ಎಳೆ ಸಿಕ್ಕಿಕೊಂಡರೆ ಆ ದಿನ ಸ್ಕಾರ್ಫಿನ ಅಂಚು ಮುಟ್ಟುವಂತಿಲ್ಲ, ಹಿಂದಿನ ಕೋಣೆಯಲ್ಲಿ ದಪ್ಪ ಬಟ್ಟೆಯ ಚೀಲ ಹೊಲಿಯಬೇಕು. ಇಷ್ಟು ವರ್ಷ ಸಲೀಸಾಗಿ ಜಾರುತ್ತಿದ್ದ ರೇಷ್ಮೆ ಕಳೆದ ತಿಂಗಳು ಇದ್ದಕ್ಕಿದ್ದಂತೆ ನನ್ನ ಬೆರಳಿಗೆ ಸಿಕ್ಕಿಕೊಂಡಿತು. ಅಂಗೈ ಬಿರುಕು, ಕಾಲಲ್ಲಿ ಹೊಟ್ಟು, ಮೈಯೆಲ್ಲ ತುರಿಕೆ. ಅವತ್ತಿನಿಂದ ಚೀಲವೇ ಗತಿ. ಹೀಗೇ ಇದ್ದರೆ ಕಿಟಕಿ ಪಕ್ಕದ ಕುರ್ಚಿ, ನೀನು ಬಿಟ್ಟುಹೋದ ಮೇಲೆ ನನಗೆ ಸಿಕ್ಕಿದ್ದು, ಬೇರೆಯವರ ಪಾಲಾಗುತ್ತದೆ.

ಮೊದಲ ಅನುಮಾನ ಎದುರು ಕೂರುವ ಹುಡುಗಿಯ ಮೇಲೆ, ಗುಬ್ಬಚ್ಚಿ ಅಂತ ನಾನಿಟ್ಟ ಹೆಸರು. ಹೊಸಬಳು, ಬಾಯಿಗೆ ಬಿಡುವಿಲ್ಲ, ನನ್ನ ಕುರ್ಚಿಯ ಮೇಲೇ ಕಣ್ಣು. ಕೈಗೆ ಹಾಕುವ ನನ್ನ ಪೌಡರಿಗೆ ಏನೋ ಬೆರೆಸಿದ್ದಾಳೆ ಅಂತ ಸದ್ದಿಲ್ಲದೆ ಇಬ್ಬರ ಡಬ್ಬಿ ಅದಲುಬದಲು ಮಾಡಿದೆ. ವಾರ ಕಳೆದರೂ ಅವಳ ಕೈ ಬೆಣ್ಣೆ, ನನ್ನದು ಉಪ್ಪುಕಾಗದ. ಆಮೇಲೆ ನಮ್ಮ ಯಜಮಾನರು ಅಗ್ಗಕ್ಕೆ ತಂದ ಸೋಪಿನ ಮೇಲೆ ಅನುಮಾನ. ಅದನ್ನು ಅವರಿಗೇ ತಿಕ್ಕಿಸಿದೆ. ಮಹಾರಾಯರು ಫಳಫಳ ಹೊಳೆದರು.

ಕೊನೆಗೆ ಡಾಕ್ಟರಮ್ಮನಿಗೆ ಕೈ ತೋರಿಸಿದರೆ "ಮುಟ್ಟು ಸರಿಯಾಗಿ ಆಗ್ತಿದೆಯಾ?" ಅಂದರು. ಚರ್ಮಕ್ಕೂ ಅದಕ್ಕೂ ಏನು ಸಂಬಂಧ ಅಂತ ಅವರನ್ನೂ ಅನುಮಾನಿಸಿದೆ. ಆದರೆ ಕೆಲವು ತಿಂಗಳಿಂದ ಆಗಿರಲಿಲ್ಲವಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಹಾರ್ಮೋನು ಇಳಿದು ಚರ್ಮದ ಎಣ್ಣೆ, ತೇವ ಎರಡೂ ಕಡಿಮೆಯಾಗುತ್ತವಂತೆ. ಥೈರಾಯ್ಡಿನಿಂದಲೂ ಹೀಗಾಗಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರು, ಅದು ಸರಿಯಿದೆ. ತೀರಾ ಬಿಸಿನೀರಿನ ಸ್ನಾನ ಬಿಡಿ, ಮೈ ಪೂರ್ತಿ ಆರುವ ಮೊದಲೇ ಮುಲಾಮು ಹಚ್ಚಿ ಅಂದರು. ಹಚ್ಚುತ್ತಿದ್ದೇನೆ, ಸ್ವಲ್ಪ ವಾಸಿ. ಊರನ್ನೆಲ್ಲ ಅನುಮಾನಿಸಿದೆ, ಕಳ್ಳ ಮೈಯೊಳಗೇ ಕೂತಿದ್ದ. ಗುಬ್ಬಚ್ಚಿಯ ಡಬ್ಬಿ ವಾಪಸ್ ಇಟ್ಟಿದ್ದೇನೆ.

ಭಾವನವರಿಗೆ ನಮಸ್ಕಾರ, ಸಿಗರೇಟು ಬಿಟ್ಟಿದ್ದರೆ ಮಾತ್ರ. ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ

ತಡಿ, ಇನ್ನೊಂದು ಅನುಮಾನ ಉಳಿದಿದೆ. ನೀನು ಆ ಕುರ್ಚಿ ಬಿಟ್ಟದ್ದೂ ಇದೇ ವಯಸ್ಸಿನಲ್ಲಿ. ಕಣ್ಣು ಮಂಜಾಯಿತು ಅಂದಿದ್ದೆ ನೀನು. ಹೋದ ಸಲ ಬಂದಾಗ ಕನ್ನಡಕವಿಲ್ಲದೆ ನೀನೇ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟೆ. ನಾನು ಕೈ ಹಿಡಿಯಲು ಬಂದರೆ ಮಾತ್ರ ಹಿಂದೆಳೆದುಕೊಂಡೆ. ಕುರ್ಚಿ ಬಿಡಿಸಿದ್ದು ಕಣ್ಣಲ್ಲ, ಕೈ ಅಲ್ಲವಾ ಅಕ್ಕಾ? ಯಾರಿಗೂ ಹೇಳದೆ ಒಬ್ಬಳೇ ನುಂಗಿಕೊಂಡೆಯಾ? ನಾನು ನುಂಗುವುದಿಲ್ಲ. ನಾಳೆ ಸೂಪರ್‌ವೈಸರ್ ಮುಂದೆ ಕೈ ಚಾಚಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ವಾಸಿಯಾಗುವವರೆಗೆ ಕುರ್ಚಿ ಕಾದಿಡಿ ಅಂತ ಕೇಳುತ್ತೇನೆ. ನೀನು ಬೇಗ ಬಾ. ಮುಲಾಮು ಎರಡು ಡಬ್ಬಿ ತಂದಿದ್ದೇನೆ.